ದೊಡ್ಡದಾಗದ ಕುಲಾಯಿ

ರುಕ್ಮವ್ವನ ಕೈಗೆ ಸಿಕ್ಕ ಉಲ್ಲನ್ ತುಂಡು ಎಂದೂ ಸುಮ್ಮನೆ ತುಂಡಾಗಿ ಉಳಿದದ್ದಿಲ್ಲ. ಜಿಗಣಿಯ ಸ್ವೆಟರ್ ಕಾರ್ಖಾನೆಯಲ್ಲಿ ಪಾಳಿ ಮುಗಿಯುವ ಹೊತ್ತಿಗೆ ನೆಲದ ಮೇಲೆ ಬಿದ್ದಿರುವ ಬಣ್ಣಬಣ್ಣದ ದಾರಗಳನ್ನು ಕಸ ಗುಡಿಸುವವರು ಬರುವ ಮೊದಲೇ ಆರಿಸಿಕೊಂಡು, ಉಂಡೆ ಕಟ್ಟಿ, ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಾಳೆ. ಸೂಪರ್‌ವೈಸರ್ ಪ್ರಸನ್ನ ಕಂಡೂ ಕಾಣದವನ ಹಾಗೆ ಇರುತ್ತಾನೆ. ಇರದೆ ಏನು ಮಾಡಿಯಾನು, ಅವನ ಬೈಕಿನ ಕೀಲಿಗೆ ಜೋತಾಡುವ ಹಸಿರು ಗಿಣಿ ಅದೇ ದಾರದಲ್ಲಿ ಹುಟ್ಟಿದ್ದು.

ಅವಳ ಉಡುಗೊರೆ ಸಿಗದವರು ಆ ಬೀದಿಯಲ್ಲೇ ಇಲ್ಲ ಅನ್ನಬೇಕು. ಮನೆ ಮಾಲೀಕ ಚಿಕ್ಕಮುನಿಯಪ್ಪನ ತಾಯಿ ಮುನಿಯಕ್ಕನಿಗೆ ಕನ್ನಡಕದ ಚೀಲ, ತರಕಾರಿ ಗಾಡಿಯವಳಿಗೆ ಚಿಲ್ಲರೆ ಹಾಕಿಕೊಳ್ಳುವ ಬಟುವೆ. ಕಾರ್ಖಾನೆಯ ಬಸ್ಸಿನ ಗೇರಿನ ಗುಬಟಿಗೂ ಕೆಂಪು ಬಿಳಿಯ ಟೊಪ್ಪಿಗೆ ಹಾಕಿದ್ದಾಳೆ. ಇಡೀ ಜಿಗಣಿಯಲ್ಲಿ ಇನ್ನಾವ ಗೇರಿಗೂ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಯಾರಾದರೂ ಹೊಗಳಿದರೆ, “ಹೋಗ್ರೀ, ಕೈ ಸುಮ್ಮ ಕುಂದ್ರೂದಿಲ್ಲ, ಅದಕ,” ಎಂದು ಮಾತು ಮುಗಿಸಿಬಿಡುತ್ತಾಳೆ.

ಆದರೆ ಕೂಸುಗಳಿಗೆ ಮಾತ್ರ ಅವಳು ಏನನ್ನೂ ಹೆಣೆದವಳಲ್ಲ. ಚಿಕ್ಕಮುನಿಯಪ್ಪ ತನ್ನ ಹಳೆಯ ರಾಗಿ ಹೊಲದಲ್ಲಿ ಸಾಲಾಗಿ ಕಟ್ಟಿಸಿದ ಶೀಟಿನ ಕೋಣೆಗಳಲ್ಲಿ ಬಿಜಾಪುರ, ರಾಯಚೂರು, ಕಲಬುರಗಿ ಕಡೆಯ ಸಂಸಾರಗಳು ತುಂಬಿಕೊಂಡಿವೆ. ಅಲ್ಲಿ ತೊಟ್ಟಿಲು ಕಟ್ಟದ ವರ್ಷವೇ ಇಲ್ಲ. ಆದರೂ ಒಂದು ಕೂಸಿನ ತಲೆಯ ಮೇಲೂ ರುಕ್ಮವ್ವನ ಟೋಪಿ ಕಂಡದ್ದಿಲ್ಲ. ಪಾಪ, ಮಕ್ಕಳಿಲ್ಲದವಳು, ಕೊಟ್ಟರೆ ಯಾರು ಏನಂದುಕೊಳ್ಳುತ್ತಾರೋ ಎಂದು ಸಂಕೋಚಪಡುತ್ತಾಳೆ ಎಂದು ಜನ ತಾವೇ ಅರ್ಥ ಮಾಡಿಕೊಂಡಿದ್ದರು. ರುಕ್ಮವ್ವ ಹಾಗೆಯೇ ಇರಲಿ ಎಂದು ಬಿಟ್ಟಿದ್ದಳು.

ನಿಜ ಬೇರೆ ಇತ್ತು. ಇಂಡಿ ತಾಲೂಕಿನ ಹಳ್ಳಿಯಲ್ಲಿ, ಮದುವೆಯಾದ ಎರಡನೆಯ ವರ್ಷ, ಅವಳಿಗೊಂದು ಗಂಡುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಅದು ತೀರಿಕೊಂಡಿತು. ತೊಟ್ಟಿಲು ಆಗದ್ದರಿಂದ ಹೆಸರಿಲ್ಲ, ಹೆಸರಿಲ್ಲದ್ದರಿಂದ ಅದು ಲೆಕ್ಕಕ್ಕಿಲ್ಲ. ಓಣಿಯ ಹಿರಿಯ ಹೆಂಗಸರು ಬಂದು ಕೂತು, ಹೆಸರಿಡದ ಕೂಸಿಗೆ ಅಳಬಾರದು, ಅತ್ತರೆ ಮುಂದೆ ಬರುವವು ಬರುವುದಿಲ್ಲ ಎಂದು ಬುದ್ಧಿ ಹೇಳಿ, ಚಹಾ ಕುಡಿದು ಹೋದರು. ಅವಳು ಅಳಲಿಲ್ಲ. ಮುಂದೆ ಬರುವವೂ ಬರಲಿಲ್ಲ. ಇಂಥ ಕಟ್ಟಳೆಯನ್ನು ಮೊದಲು ಯಾವ ಮಹಾನುಭಾವ ಮಾಡಿದನೋ, ಅವನು ಹೆತ್ತ ಜೀವ ಅಲ್ಲ ಎಂಬುದಂತೂ ಖಂಡಿತ. ಮುಂದೆ ಗಂಡ ಚನಬಸಪ್ಪನ ಜೊತೆ ಬೆಂಗಳೂರಿಗೆ ಬಂದಳು. ಅವನು ಗ್ರಾನೈಟ್ ಯಾರ್ಡೊಂದರಲ್ಲಿ ವಾಚ್‌ಮನ್ ಆದ, ಇವಳು ಸ್ವೆಟರ್ ಕಾರ್ಖಾನೆ ಸೇರಿದಳು. ಕೂಸಿನ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ.

ಕಾರ್ಖಾನೆಯಲ್ಲಿ ಅವಳ ಕೆಲಸ ತಪ್ಪು ತಿದ್ದುವುದು. ಮೆಷಿನ್ ಹೆಣೆದ ಸ್ವೆಟರುಗಳಲ್ಲಿ ಎಲ್ಲೋ ಒಂದು ಕಣ್ಣಿ ಜಾರಿರುತ್ತದೆ. ದಾರದ ಒಂದು ಸಣ್ಣ ಕುಣಿಕೆ ಅಷ್ಟೇ, ಆದರೆ ಅದು ಜಾರಿತೆಂದರೆ ಅದರ ಮೇಲಿನದು, ಅದರ ಮೇಲಿನದು ಎಂದು ಬಿಚ್ಚುತ್ತಾ ಹೋಗಿ ಏಣಿಯ ಹಾಗೆ ಉದ್ದ ತೂತು ಬೀಳುತ್ತದೆ. ಅಂಥ ಸ್ವೆಟರುಗಳೆಲ್ಲ ರುಕ್ಮವ್ವನ ಮೇಜಿಗೆ ಬರುತ್ತವೆ. ಪಕ್ಕದಲ್ಲಿ ಕೂರುವ ಆನೇಕಲ್ಲಿನ ವೇಣಿಗೆ ಕೆಲಸ ಕಲಿಸಿದವಳೂ ಅವಳೇ. “ತೂತು ಕಾಣೂ ಜಾಗದಾಗ ಸೂಜಿ ಹಾಕಬ್ಯಾಡ. ಅದು ಎಲ್ಲಿ ಜಾರೇತಿ, ಅಲ್ಲಿ ತನಕ ಕೆಳಗ ಇಳಿ. ಅಲ್ಲಿಂದ ಒಂದೊಂದs ಎತ್ತಿಕೋತ ಬಾ,” ಎಂದು ಹೇಳಿಕೊಟ್ಟಿದ್ದಳು.

ಹೀಗಿರುವಾಗ ಪಕ್ಕದ ಕೋಣೆಯ ದಾನೇಶ್ವರಿ ಹೆತ್ತಳು. ಹೆಣ್ಣುಕೂಸು. ಬಾಣಂತನಕ್ಕೆ ತವರಿಗೆ ಹೋಗೋಣವೆಂದರೆ ತಾಯಿ ಇಲ್ಲ, ಹಾಗಾಗಿ ಇಲ್ಲೇ ಉಳಿದಿದ್ದಳು. ಗಂಡ ಬಸಲಿಂಗ ಗ್ರಾನೈಟ್ ಪಾಲಿಶ್ ಮಾಡುವ ಹುಡುಗ, ಒಬ್ಬನೇ ಮಗ. ತೊಂದರೆ ಶುರುವಾದದ್ದು ಅಲ್ಲೇ. ಅವರ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಕೂಸಿನ ಕಿವಿ ಮುಚ್ಚುವ ಟೋಪಿಯನ್ನು, ಅವರ ಮಾತಿನಲ್ಲಿ ಕುಲಾಯಿಯನ್ನು, ತರುವವಳೂ ಅವಳೇ. ಅವಳು ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಾಗ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬೀಳದೆ ಇಟ್ಟ ಹೆಸರು ನಿಲ್ಲುವುದಿಲ್ಲ ಎಂದು ನಂಬಿಕೆ. ಹಳೆಯ ಸಿಟ್ಟೆಲ್ಲ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.

“ಇವರಿಗೆ ಒಡಹುಟ್ಟಿದವರು ಯಾರೂ ಇಲ್ರೀ ಅಕ್ಕಾರ,” ಎಂದಳು ದಾನೇಶ್ವರಿ. “ನೀವs ಅಕ್ಕ ಅಂತ ತಿಳ್ಕೊಂಡೀವಿ. ಸೋಮವಾರ ತೊಟ್ಟಿಲು. ಹೆಸರು ನೀವು ಕರೀಬೇಕು, ಕುಲಾಯಿ ನಿಮ್ಮ ಕೈಯಾಂದs ಆಗಬೇಕು. ಅಂಗಡೀದು ನನಗ ಬ್ಯಾಡ.”

ರುಕ್ಮವ್ವನಿಗೆ ಖುಷಿಯಾಯಿತು, ಅದರ ಹಿಂದೆಯೇ ಭಯವೂ ಆಯಿತು. ಆಗಲಿ ಎಂದಳು. ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಆ ವಾರ ಅವಳಿಗೆ ಎರಡನೆಯ ಪಾಳಿ. ಮಧ್ಯಾಹ್ನದವರೆಗೂ ಮನೆಯಲ್ಲೇ. ಆ ಹೊತ್ತಿನಲ್ಲಿ ಆ ಸಾಲುಮನೆಗಳನ್ನು ನೋಡಬೇಕು. ಎಲ್ಲರೂ ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ಹೋಗಿರುತ್ತಾರೆ. ಬಾಗಿಲಿಗೆಲ್ಲ ಬೀಗ. ಬಿಸಿಲಿಗೆ ಶೀಟುಗಳು ಆಗಾಗ ಟಕ್ಕೆಂದು ಸದ್ದು ಮಾಡುತ್ತವೆ, ಸಿಂಟೆಕ್ಸ್ ಟ್ಯಾಂಕಿನಿಂದ ನೀರು ತೊಟ್ಟಿಕ್ಕುತ್ತದೆ. ಅಲ್ಲಿದ್ದ ಜೀವ ಅಂದರೆ ರುಕ್ಮವ್ವ, ಗೋಡೆಯಾಚೆ ದಾನೇಶ್ವರಿ, ಅವಳ ಕೂಸು, ಅಷ್ಟೇ.

ಹಳದಿ ಉಲ್ಲನ್ ಆರಿಸಿ, ಕಣ್ಣಿ ಎಣಿಸಿ ಕಡ್ಡಿಗೆ ಏರಿಸಿ, ಬಾಗಿಲಲ್ಲಿ ಕೂತು ಹೆಣೆದಳು. ಒಂದೇ ಬೆಳಗ್ಗೆ ಕುಲಾಯಿ ಮುಗಿಯಿತು. ಕೈಯಲ್ಲಿ ಹಿಡಿದು ನೋಡುತ್ತಾಳೆ, ಪುಟ್ಟದು. ಒಂದು ಮೂಸಂಬಿಗೆ ಹಾಕಬಹುದು, ಕೂಸಿಗೆ ಆಗದು. ಕೈ ಬಿಗಿಯಾಯಿತೇನೋ ಎಂದು ನಕ್ಕು, ಎಳೆದು ಬಿಚ್ಚಿ ಉಂಡೆ ಮಾಡಿದಳು.

ಮರುದಿನ ದಪ್ಪ ಕಡ್ಡಿ ತೆಗೆದುಕೊಂಡಳು, ಕಣ್ಣಿಗಳನ್ನೂ ಹೆಚ್ಚಿಸಿದಳು. ಹೆಣೆಯುವಾಗ ದೊಡ್ಡದಾಗಿಯೇ ಕಾಣುತ್ತಿತ್ತು. ಕೊನೆಯ ಕಣ್ಣಿ ಮುಚ್ಚಿ, ಹೊಲಿದು, ತಿರುಗಿಸಿ ಹಿಡಿದರೆ ಮತ್ತೆ ಅದೇ ಪುಟ್ಟ ಕುಲಾಯಿ. ಈ ಸಲ ನಗು ಬರಲಿಲ್ಲ. ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದಳು. ಜಾರಿದ ಕಣ್ಣಿ ಇಲ್ಲ, ಎರಡನ್ನು ಸೇರಿಸಿ ಒಂದು ಮಾಡಿದ್ದಿಲ್ಲ. ತಪ್ಪು ಹುಡುಕುವುದೇ ಕಸುಬಾದವಳಿಗೆ ಅದರಲ್ಲಿ ಒಂದೇ ಒಂದು ತಪ್ಪು ಸಿಗಲಿಲ್ಲ.

ಅದನ್ನು ಕಾರ್ಖಾನೆಗೆ ಒಯ್ದು ವೇಣಿಗೆ ತೋರಿಸಿದಳು. ವೇಣಿ ಬಾಯಿ ತುಂಬ ನಕ್ಕಳು. “ಏನಕ್ಕ, ಗೊಂಬೆಗಾ? ಇಷ್ಟು ವರ್ಷ ನಂಗೆ ಬೈದು ಬೈದು ಕಲ್ಸಿ, ಈಗ ನೀವೇ ಹಿಂಗ್ ಮಾಡ್ತೀರಲ್ಲ!”

“ನೀನs ಹೆಣಿ ನೋಡೂಣು. ಇದs ದಾರ, ಇದs ಕಡ್ಡಿ, ಇಷ್ಟs ಕಣ್ಣಿ.”

ತಂದದ್ದನ್ನು ರುಕ್ಮವ್ವ ಅಲ್ಲೇ ಎಳೆದು ಬಿಚ್ಚಿದಳು. ಚಹಾದ ಬಿಡುವಿನಲ್ಲಿ, ಊಟದ ಬಿಡುವಿನಲ್ಲಿ ಇಬ್ಬರೂ ಎದುರುಬದುರು ಕೂತು, ಒಬ್ಬರ ಜೊತೆ ಇನ್ನೊಬ್ಬರು ಸಾಲು ಕೂಡಿಸಿಕೊಂಡು ಹೆಣೆದರು. ಮುಗಿಸಿ ಎರಡನ್ನೂ ಮೇಜಿನ ಮೇಲಿಟ್ಟರು. ವೇಣಿಯದು ಕೂಸಿನ ತಲೆಗೆ ಹದವಾಗಿತ್ತು. ರುಕ್ಮವ್ವನದು ಅದರ ಹೊಟ್ಟೆಯೊಳಗೆ ಸಲೀಸಾಗಿ ಕೂತಿತು. ವೇಣಿ ಕಣ್ಣಿ ಎಣಿಸಿದಳು, ಮತ್ತೆ ಎಣಿಸಿದಳು.

“ಲೆಕ್ಕ ಎಲ್ಲಾ ಸರಿಯಾಗೇ ಇದೆ ಅಕ್ಕ,” ಎಂದಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. “ನಾನು ನೋಡ್ತಾನೇ ಇದ್ನಲ್ಲ. ನಿಮ್ದೂ ಇಷ್ಟೇ ದೊಡ್ದಿತ್ತು. ನೀವು ದಾರ ಕತ್ತರಿಸಿದ್ಮೇಲೆ… ಇದನ್ನ ಎತ್ತಿಡಿ ಅಕ್ಕ. ನನ್ ಕಡೆ ಇಡ್ಬೇಡಿ.”

ಉಳಿದ ಪಾಳಿಯೆಲ್ಲ ವೇಣಿ ತನ್ನ ಸ್ಟೂಲನ್ನು ಸ್ವಲ್ಪ ಆಚೆಗೇ ಎಳೆದುಕೊಂಡು ಕೂತಳು. ತಾನು ಹೆಣೆದದ್ದನ್ನು ಕೂಸಿಗೆ ಕೊಡಿ ಎಂದು ಬಿಟ್ಟುಹೋದಳು. ರುಕ್ಮವ್ವ ಎರಡನ್ನೂ ಮನೆಗೆ ತಂದು ಗೂಡಿನಲ್ಲಿಟ್ಟಳು. ಸೋದರತ್ತೆಯ ಕೈಯದ್ದಲ್ಲದ್ದು ನಡೆಯುವುದಿಲ್ಲ ಎಂದು ದಾನೇಶ್ವರಿ ಮೊದಲೇ ಹೇಳಿದ್ದಳು.

ಅಷ್ಟರಲ್ಲಿ ಗೋಡೆಯಾಚೆಯ ಕೂಸು ಹಾಲು ಬಿಟ್ಟಿತ್ತು.

ಮೊದಲು ರುಕ್ಮವ್ವ ಅದನ್ನೂ ಇದನ್ನೂ ಸೇರಿಸಿ ನೋಡಿರಲಿಲ್ಲ. ಆಮೇಲೆ ದಾನೇಶ್ವರಿ ಕಣ್ಣೀರು ಒರೆಸಿಕೊಳ್ಳುತ್ತಾ, “ಬುಧವಾರ ಮುಂಜಾನೆಯಿಂದ ಬಾಯಿ ಇಡವಲ್ದ್ರೀ, ಅಕ್ಕಾರ. ಇಟ್ಟರ ಮಾರಿ ಹೊಳ್ಳಸ್ತೈತಿ,” ಎಂದಾಗ ರುಕ್ಮವ್ವ ದಿನ ಎಣಿಸಿದಳು. ಅವಳು ಹಳದಿ ದಾರವನ್ನು ಕಡ್ಡಿಗೆ ಏರಿಸಿದ್ದು ಬುಧವಾರ ಬೆಳಗ್ಗೆ. ಶುಕ್ರವಾರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಎಲ್ಲಾ ನೋಡಿ, ಕಾಯಿಲೆ ಏನೂ ಕಾಣುತ್ತಿಲ್ಲ, ಆದರೆ ತೂಕ ಇಳಿದಿದೆ, ಹಾಲು ಹಿಂಡಿ ಚಮಚದಲ್ಲಿ ಕುಡಿಸಿ, ನಾಳೆ ಸಂಜೆಯೊಳಗೆ ತಾನಾಗಿ ಕುಡಿಯದಿದ್ದರೆ ಅಡ್ಮಿಟ್ ಮಾಡಿಕೊಳ್ಳುತ್ತೇನೆ ಎಂದು ಕಳಿಸಿದರು. ಚಮಚದ ಹಾಲು ತುಟಿಯಂಚಿನಿಂದ ಹಾಗೇ ಹೊರಗೆ ಹರಿಯಿತು. ಹಸಿದ ಕೂಸು ಕಿರುಚಬೇಕು. ಇದು ಅಳುವುದನ್ನೂ ನಿಲ್ಲಿಸಿ, ಕಣ್ಣು ಬಿಟ್ಟುಕೊಂಡು, ತನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಾ ಮಲಗಿತ್ತು.

ಶನಿವಾರ ಬೆಳಗ್ಗೆ ರುಕ್ಮವ್ವ ಆ ಪುಟ್ಟ ಕುಲಾಯಿಯನ್ನು ಬಿಚ್ಚಿಹಾಕಬೇಕೆಂದು ಕೈಗೆ ತೆಗೆದುಕೊಂಡಳು. ಗೂಡಿನಲ್ಲಿ ಒಟ್ಟಿಗೇ ಇದ್ದ ಎರಡರಲ್ಲಿ ವೇಣಿಯದು ತಣ್ಣಗಿತ್ತು, ಇದು ಬೆಚ್ಚಗಿತ್ತು. ಕಟ್ಟುವ ದಾರದ ಒಂದು ತುದಿ ಒದ್ದೆಯಾಗಿ, ಚೀಪಿದ ಹಾಗೆ ಮುದ್ದೆಯಾಗಿತ್ತು. ಮೂಗಿನ ಹತ್ತಿರ ತಂದಳು. ಬಜೆ, ಹರಳೆಣ್ಣೆ, ಹಾಲು. ದಾನೇಶ್ವರಿ ಕೂಸಿಗೆ ಹಚ್ಚುವುದು ಅಂಗಡಿಯ ಬೇಬಿ ಎಣ್ಣೆ. ಬಜೆ ತೇಯುವ ಕಲ್ಲು ಇಡೀ ಸಾಲಿನಲ್ಲಿ ಯಾರ ಮನೆಯಲ್ಲೂ ಇಲ್ಲ.

ಆ ವಾಸನೆ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ, ಕುಲಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ಮುನಿಯಕ್ಕ ಎದುರಿನ ತನ್ನ ಮನೆಯ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಹುಟ್ಟಿದಾಗಿನಿಂದ ಅದೇ ನೆಲದಲ್ಲಿ ಇದ್ದ ಮುದುಕಿ, ಯಾರ ಕೈಯಲ್ಲಿ ಏನಿದ್ದರೂ ಇಸಿದುಕೊಂಡು ನೋಡದೆ ಬಿಡುವವಳಲ್ಲ. ಕುಲಾಯಿಯನ್ನೂ ಇಸಿದುಕೊಂಡಳು, ಒಳಗೆ ಎರಡು ಬೆರಳು ಹಾಕಿದಳು.

“ಈಗ್ ತಾನೆ ತೆಗ್ದಾ?” ಎಂದಳು.

“ಏನ್ರೀ?”

“ಮಗೀ ತಲೆಯಿಂದ ಈಗ್ ತಾನೆ ತೆಗ್ದಾ ಅಂದೆ. ಇನ್ನಾ ಬೆಚ್ಚಗೈತಲ್ಲವ್ವ. ಬ್ಯಾಗ ಆಕು ಓಗು, ಮಗ ತಣ್ಣಗಾಯ್ತದೆ.”

ರುಕ್ಮವ್ವ ಕುಲಾಯಿ ಕಿತ್ತುಕೊಂಡಂತೆ ತೆಗೆದುಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ನೆಲದ ಮೇಲೆ ಕೂತಳು. ಸುಮ್ಮನೆ ಹೇಳಿಬಿಡುತ್ತೇನೆ, ಅವಳಿಗೆ ತನ್ನ ಕೂಸಿನ ಮೇಲೆ ಭಯವಾಯಿತು. ತಾನು ಹೆತ್ತದ್ದರ ಮೇಲೆಯೇ ಭಯ. ಅವನು ಬಂದಿದ್ದಾನೆ, ಪಕ್ಕದ ಕೋಣೆಯಲ್ಲಿ ಆ ಹೆಣ್ಣುಕೂಸಿನ ಮಗ್ಗುಲಲ್ಲಿ ಮಲಗಿದ್ದಾನೆ, ಅವಳಿಗೆ ಹಾಲು ಬಿಡಿಸಿದ್ದಾನೆ. ನಾಳೆ ಬೆಳಗಾಗುವುದರೊಳಗೆ ಆ ಹುಡುಗಿಯನ್ನೂ ಹೆಸರಿಲ್ಲದವಳಾಗಿಯೇ ಕರೆದುಕೊಂಡು ಹೋಗಿಬಿಡುತ್ತಾನೆ. ಅವಳನ್ನು ಉಳಿಸಬೇಕಾದರೆ ಇವನನ್ನು ಓಡಿಸಬೇಕು. ಹೇಗೆ ಓಡಿಸುವುದು? ಬೇವಿನ ಸೊಪ್ಪಿನಿಂದಲೇ, ಪೊರಕೆಯಿಂದಲೇ?

ಬೆರಳುಗಳು ತಮ್ಮಷ್ಟಕ್ಕೆ ತಾವೇ ಬಿಚ್ಚಬೇಕಾದ ದಾರದ ತುದಿಯನ್ನು ಹುಡುಕಿ ಹಿಡಿದಿದ್ದವು. ಎಳೆದರೆ ಆಯಿತು. ಆಗ ಗೋಡೆಯಾಚೆಯಿಂದ ಒಂದು ಸಣ್ಣ ನರಳಿಕೆ ಕೇಳಿಸಿತು. ಎಳೆಯಲು ಹೋದ ಕೈ ನಿಂತಿತು.

ಎರಡು ಸಲ ಬಿಚ್ಚಿದ್ದಳು. ಎರಡು ಸಲವೂ ಅವನ ತಲೆಯಿಂದಲೇ ಕಿತ್ತಂತಾಗಿತ್ತಲ್ಲವೇ? ದಿನವಿಡೀ ಬೇರೆಯವರ ಸ್ವೆಟರಿನಲ್ಲಿ ಜಾರಿದ ಕಣ್ಣಿಯನ್ನು ಹುಡುಕಿಕೊಂಡು ಕೆಳಗೆ ಇಳಿಯುವವಳು, ಇಲ್ಲಿ ಮಾತ್ರ ಮೇಲೆ ಮೇಲೆಯೇ ತಡಕಾಡಿದ್ದಳು. ತಪ್ಪು ಈ ಹಳದಿ ದಾರದಲ್ಲಿ ಇರಲೇ ಇಲ್ಲ. ಒಂದು ತೊಟ್ಟಿಲು ಆಗದೆ ನಿಂತುಹೋಗಿತ್ತು, ಅವಳು ಅದನ್ನು ದಾಟಿ ಇನ್ನೊಂದಕ್ಕೆ ಕೈ ಹಾಕಿದ್ದಳು. ಕುಲಾಯಿ ಬಂತು, ಹೆಸರೆಲ್ಲಿ ಎಂದು ಅವನು ಕಾಯುತ್ತಿದ್ದ. ಅವನಿಗೇನು ಗೊತ್ತು, ಪಾಪ, ಅದು ಪಕ್ಕದ ಮನೆಯದೆಂದು.

ಓಡಿಸುವ ಯೋಚನೆ ಮಾಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಎದ್ದಳು. ಕುಲಾಯಿಯ ಅಂಚಿಗೆ ಬಿಳಿ ದಾರದಲ್ಲಿ ಒಂದು ಸಾಲು ಹೂವು ಹೆಣೆದಳು, ಕಟ್ಟುವ ದಾರಕ್ಕೆ ಎರಡು ಗೊಂಡೆ ಹಚ್ಚಿದಳು. ಟ್ರಂಕಿನಿಂದ ತನ್ನ ಮದುವೆಯ ಇಲಕಲ್ ಸೀರೆ ತೆಗೆದು, ಶೀಟಿನ ಕೆಳಗಿನ ಕಬ್ಬಿಣದ ಪೈಪಿಗೆ ಜೋಲಿ ಕಟ್ಟಿದಳು. ಅದರೊಳಗೆ ಕುಲಾಯಿಯನ್ನು ಇಟ್ಟಳು. ಜೋಲಿ ಕೆಳಗೆ ಜಗ್ಗಿತು, ಪೈಪು ಕಿರ್ ಎಂದಿತು. ಒಂದು ಟೋಪಿಗೆ ಅಷ್ಟು ಭಾರ ಇರಬಾರದಿತ್ತು.

ಹೆಸರು ಅವಳು ಇಡುವಂತಿರಲಿಲ್ಲ. ಹೆತ್ತವಳು ಕೂಸಿಗೆ ಹೆಸರು ಕರೆಯುವ ಪದ್ಧತಿ ಇಲ್ಲ. ಅದು ಚನಬಸಪ್ಪನ ತಂಗಿ ಮಹಾನಂದಾಳ ಹಕ್ಕು. ಮಹಾನಂದಾ ಈಗಲೂ ಊರಲ್ಲಿದ್ದಾಳೆ, ಅದೇ ಹಳ್ಳಿಯ ಆಚೆ ಓಣಿಗೆ ಮದುವೆಯಾಗಿ ಹೋದವಳು. ರುಕ್ಮವ್ವ ಮೊಬೈಲ್ ತೆಗೆದು ಕರೆ ಮಾಡಿದಳು. ಆ ಕಡೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು.

“ಏನ್ ವೈನಿ, ಈ ಹೊತ್ತಿನಾಗ?”

“ಮನಿಯಾಗ ಯಾರ್ಯಾರದೀರಿ?”

“ನಾ ಒಬ್ಬಾಕೀನs. ಎಲ್ಲಾರೂ ಹೊಲಕ್ಕ ಹೋಗ್ಯಾರ. ಯಾಕ?”

ರುಕ್ಮವ್ವ ಜೋಲಿಯ ಕಡೆ ನೋಡಿದಳು. “ನನ್ನ ಕೂಸಿಗೆ ಏನ್ ಹೆಸರು ಇಡಬೇಕಂತ ಮಾಡಿದ್ದಿ, ಮಹಾನಂದಾ?”

ರೊಟ್ಟಿಯ ಸದ್ದು ನಿಂತಿತು. ಯಾವ ಕೂಸು ಎಂದು ಮಹಾನಂದಾ ಕೇಳಲಿಲ್ಲ. “ಇಷ್ಟು ವರ್ಷ ಯಾರೂ ಕೇಳಲಿಲ್ಲಲ್ಲ ವೈನಿ,” ಎಂದಳು. “ನೀನೂ ಕೇಳಲಿಲ್ಲ. ನಾ ಒಳಗs ಇಟ್ಕೊಂಡು ಕುಂತೆ. ನನ್ನ ಮಕ್ಕಳಿಗೂ ಆ ಹೆಸರು ಇಡಲಿಲ್ಲ, ಅದು ಅವಂದು ಅಂತ.”

“ನನಗ ಹೇಳಬ್ಯಾಡ. ಅವನ ಕಿವ್ಯಾಗ ಹೇಳು. ಇಲ್ಲೇ ಅದಾನ. ಜೋಲಿ ಕಟ್ಟೀನಿ.”

ಬೇರೆ ಯಾರಾದರೂ ಆಗಿದ್ದರೆ ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ಫೋನ್ ಇಡುತ್ತಿದ್ದರು. ಮಹಾನಂದಾ ಕೈಯ ಹಿಟ್ಟು ತೊಳೆದುಕೊಂಡು ಬಂದಳು, ತಲೆಯ ಮೇಲೆ ಸೆರಗು ಹೊದ್ದುಕೊಂಡೆ ಎಂದಳು. ರುಕ್ಮವ್ವ ಸ್ಪೀಕರ್ ಹಾಕಿ, ಮೊಬೈಲನ್ನು ಜೋಲಿಯೊಳಗೆ, ಕುಲಾಯಿಯ ಬಲಗಡೆಗೆ ಹಿಡಿದಳು. ಹೊರಗೆ ಶೀಟುಗಳ ಸದ್ದೂ ಇರಲಿಲ್ಲ.

“ಕುರ್ರ್ರ್…” ಎಂದಿತು ಮಹಾನಂದಾಳ ದನಿ, ಮುನ್ನೂರು ಮೈಲಿಯಾಚೆಯಿಂದ, ಮೆಲ್ಲಗೆ. “ಸಿದ್ರಾಮ. ಸಿದ್ರಾಮ ಅಂತ ಕರೀತೀನೋ ನಿನಗ, ನನ್ನಪ್ಪಾ. ಕುರ್ರ್ರ್…”

ಮಾತು ಅಲ್ಲಿಗೆ ತುಂಡಾಯಿತು. ಆ ಕಡೆ ಏನೋ ಪಾತ್ರೆ ಉರುಳಿದ ಸದ್ದು.

“ಯಾರದು?” ಎಂದಳು ಮಹಾನಂದಾ, ಫೋನಿಗಲ್ಲ, ಬೇರೆ ಕಡೆಗೆ. ಆಮೇಲೆ ಫೋನಿಗೆ, “ವೈನಿ… ಯಾರೋ ನನ್ನ ಬೆನ್ನಿಗೆ ಗುದ್ದಿದ್ರು.”

“ಯಾರು?”

“ಯಾರೂ ಇಲ್ಲ. ಬಾಗಲಾ ಹಾಕೈತಿ, ಅಗಳಿ ಹಾಕೇನಿ.”

“ನೋವಾತೇನ?”

“ಇಲ್ಲ,” ಎಂದಳು ಮಹಾನಂದಾ. ಅವಳು ಅಳಲು ಶುರುಮಾಡಿದ್ದಳು. “ಭಾಳ ಸಣ್ಣ ಕೈ ಅದು, ವೈನಿ.”

ರುಕ್ಮವ್ವ ಜೋಲಿಯ ಅಂಚು ಹಿಡಿದು ನಿಂತೇ ಇದ್ದಳು. ಜೋಲಿ ಹಗುರವಾಗಿ ಮೇಲೆದ್ದದ್ದು ಅವಳ ಕೈಗೇ ತಿಳಿಯಿತು. ಒಳಗೆ ಕುಲಾಯಿ ಇತ್ತು, ಉಲ್ಲನ್ ಎಷ್ಟು ತಣ್ಣಗಿರಬೇಕೋ ಅಷ್ಟು ತಣ್ಣಗಿತ್ತು. ಅವಳು ಅಲ್ಲೇ ಕುಸಿದು ಕೂತು, ಅಂದು ಹಳ್ಳಿಯ ಹೆಂಗಸರು ಬೇಡವೆಂದ ಅಳುವನ್ನೆಲ್ಲ ಅತ್ತಳು. ಮಗನ ಹೆಸರು ಹಿಡಿದು ಅತ್ತಳು. ಹೆಸರಿದ್ದರೆ ಅಳುವುದಕ್ಕೂ ಒಂದು ಅನುಕೂಲ.

ಅವಳ ಅಳುವಿಗೆ ಇನ್ನೊಂದು ಅಳು ಸೇರಿಕೊಂಡಿತು. ಗೋಡೆಯಾಚೆ ಕೂಸು ಕಿರುಚುತ್ತಿತ್ತು, ಹೊಟ್ಟೆ ಹಸಿದ ಕೂಸು ಕಿರುಚುವ ಹಾಗೆ, ಸಿಟ್ಟಿನಿಂದ. ಆಮೇಲೆ ಅದು ಥಟ್ಟನೆ ನಿಂತಿತು. ದಾನೇಶ್ವರಿ ಗೋಡೆ ಬಡಿದಳು.

“ಅಕ್ಕಾರ! ಕುಡ್ಯಾಕತ್ತೈತ್ರೀ! ಅಕ್ಕಾರ, ಕೇಳಸ್ತೇನ್ರೀ? ಬಿಡವಲ್ದ್ರೀ!”

ಭಾನುವಾರ ರುಕ್ಮವ್ವ ಉಳಿದ ಹಳದಿ ದಾರದಲ್ಲಿ ಇನ್ನೊಂದು ಕುಲಾಯಿ ಹೆಣೆದಳು. ದೊಡ್ಡದಾಗಿಯೇ ಬಂತು. ಆತುರಕ್ಕೆ ಒಂದು ಕಡೆ ಎರಡು ಕಣ್ಣಿ ತಪ್ಪಿದ್ದವು. ಆ ತಪ್ಪು ಕಂಡು ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ತಿದ್ದುವ ಮೊದಲು ಸ್ವಲ್ಪ ಹೊತ್ತು ಅದನ್ನೇ ನೋಡಿಕೊಂಡು ಕೂತಳು. ಸೋಮವಾರ ತೊಟ್ಟಿಲ ಮೇಲೆ ಬಗ್ಗಿ, ಗೌರಿ ಎಂದು ಹೆಸರು ಕರೆದಳು. ಹೆಂಗಸರೆಲ್ಲ ಬೆನ್ನು ಹಣ್ಣು ಮಾಡಿದರು. ವೇಣಿಯೂ ಬಂದಿದ್ದಳು, ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಅವಳೇ. ಮುನಿಯಕ್ಕ ಸಾಕು ಬಿಡ್ರೇ, ಸತ್ತಾಳು ಎಂದು ಬಿಡಿಸಬೇಕಾಯಿತು.

ಊಟ ಮುಗಿಸಿ ಮನೆಗೆ ಬಂದಾಗ ಚನಬಸಪ್ಪ ಡ್ಯೂಟಿ ಮುಗಿಸಿ ಬಂದು ಕೂತಿದ್ದ. ಇನ್ನೂ ಯೂನಿಫಾರ್ಮ್ ಬಿಚ್ಚಿರಲಿಲ್ಲ. ಪುಟ್ಟ ಕುಲಾಯಿ ಅವನ ಅಂಗೈಯಲ್ಲಿತ್ತು.

“ಮಹಾನಂದಾ ಫೋನ್ ಮಾಡಿದ್ಲು,” ಎಂದ.

 ಅವನು ಮಾತಿನವನಲ್ಲ. ಕುಲಾಯಿಯನ್ನು ಬೆರಳಿಂದ ಅಗಲಿಸಿ, ಒಳಗೆ ನೋಡಿ, ಮತ್ತೆ ಸರಿಮಾಡಿದ.

“ಸರಿಯಾಗೈತಿ,” ಎಂದ. “ಇಷ್ಟs ಇದ್ದ. ನನಗ ಗೊತ್ತೈತಿ, ಒಯ್ದಾವ ನಾನs ಅಲ್ಲೇನ. ಬರೇ ತಲೀಲೆ ಮಲಗಿಸಿ ಬಂದೆ. ಅವತ್ತ ಭಾಳ ಥಂಡಿ ಇತ್ತು.”

ಹೆಂಗಸರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ರೂಢಿ ಇಲ್ಲ. ಎಲ್ಲಿಟ್ಟಿರಿ ಎಂದು ತಾಯಿ ಕೇಳಬಾರದು, ತಂದೆ ಹೇಳಬಾರದು. ರುಕ್ಮವ್ವ ಈಗ ಕೇಳಿದಳು.

“ಹಳ್ಳದ ದಂಡಿಗೆ, ಬನ್ನಿ ಗಿಡದ ಬುಡಕ,” ಎಂದ ಚನಬಸಪ್ಪ. “ವರ್ಷಾ ಊರಿಗೆ ಹೋಗ್ತೀನಲ್ಲ, ಹೊಲ ನೋಡಾಕ ಅಂತ. ಹೊಲ ಮಾರಿ ಹತ್ತು ವರ್ಷಾತು. ಅಲ್ಲಿಗೇ ಹೋಗಿ ಸ್ವಲ್ಪ ಹೊತ್ತು ಕುಂತು ಬರ್ತೀನಿ.”

ರುಕ್ಮವ್ವ ಅವನ ಪಕ್ಕದಲ್ಲಿ ಕೂತಳು. “ನನಗ್ಯಾಕ ಹೇಳಲಿಲ್ಲ?”

ಅವನು ತಲೆ ಎತ್ತಲಿಲ್ಲ. ಕುಲಾಯಿಯ ಗೊಂಡೆಯನ್ನೇ ನೋಡುತ್ತಿದ್ದ.

“ಹೋದಾಗೊಮ್ಮೆ ಕೇಳ್ತಾನ,” ಎಂದ. “ಅವ್ವ ಯಾಕ ಬರಲಿಲ್ಲ ಅಂತ.”

ರುಕ್ಮವ್ವ ಎದ್ದು ಪ್ರಸನ್ನನಿಗೆ ಫೋನ್ ಮಾಡಿ ರಜೆ ಕೇಳಿದಳು. ಯಾಕೆ ಮೇಡಂ, ಊರಲ್ಲಿ ಯಾರಿದ್ದಾರೆ ಎಂದ ಅವನು. ಮಗ ಇದ್ದಾನೆ ಎಂದಳು.